ಮಾಳಿಗೆಯ ಕೊನೆಯ ಮೂಲೆ

ಲಿಂಗಸುಗೂರಿನ ಕಚೇರಿ ರಸ್ತೆಯ ಹಳೇ ಹೋಟೆಲಿನ ಮಾತು ಬಂದರೆ ಊರಿನ ಹಿರಿಯರ ಕಣ್ಣುಗಳು ಒದ್ದೆಯಾಗುತ್ತವೆ. ನನಗೆ ಮೈ ಉರಿಯುತ್ತದೆ. ‘ಊರಿಗೆ ಊರೇ ಅಲ್ಲಿ ಕೂಡುತ್ತಿತ್ತು, ಭೇದಭಾವ ಅನ್ನೋದೇ ಇರಲಿಲ್ಲ’ ಎಂದು ಅವರು ಶುರು ಹಚ್ಚಿಕೊಂಡರೆ ನಾನು ಎದ್ದು ಬಂದುಬಿಡುತ್ತೇನೆ. ನಮ್ಮ ಕೇರಿ ಅವರ ಊರಿನೊಳಗೆ ಆಗಲೂ ಇರಲಿಲ್ಲ, ಅವರ ನೆನಪಿನೊಳಗೆ ಈಗಲೂ ಇಲ್ಲ.

ಹಾಗಂತ ಅವರು ಹೇಳುವುದೆಲ್ಲ ಸುಳ್ಳಲ್ಲ. ಅದು ನಿಜಾಮರ ಕಾಲ, ದೂರದಲ್ಲೆಲ್ಲೋ ದೊಡ್ಡ ಲಡಾಯಿ ನಡೆದಿದ್ದ ವರ್ಷಗಳು. ಮಸ್ಕಿಯಿಂದ, ಸಿಂಧನೂರಿನಿಂದ ಕಚೇರಿಗೆ ದಾವೆಯ ತಾರೀಖಿಗೆಂದು ಬಂದವರು ಹೆಸರು ಕೂಗುವವರೆಗೂ ಆ ಹೋಟೆಲಿನಲ್ಲೇ ಕೂತಿರುತ್ತಿದ್ದರು. ವಾದಿ, ಪ್ರತಿವಾದಿ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು, ಒಂದೇ ತಾಟಿನ ಮಿರ್ಚಿ ಭಜಿ ತಿಂದು, ಬಾಯಿ ಒರೆಸಿಕೊಂಡು ಹೋಗಿ ಒಬ್ಬರ ಮೇಲೊಬ್ಬರು ಸುಳ್ಳು ಸಾಕ್ಷಿ ಹೇಳಿಸುತ್ತಿದ್ದರು. ಬೀಗತನದ ಮಾತು, ಎತ್ತಿನ ವ್ಯಾಪಾರ, ಯಾರ ಮನೆಯಲ್ಲಿ ಏನು ಜಗಳ ಎನ್ನುವುದು, ಎಲ್ಲವೂ ಅಲ್ಲೇ. ಒಳಗೆ ಕೂತವರಿಗೆ ಅದು ಎರಡನೇ ಮನೆಯಾಗಿತ್ತು.

ನಾವು ಒಳಗೆ ಕೂತವರಲ್ಲ. ಮೂಡಣ ಗೋಡೆಗೆ ಒಂದು ಸಣ್ಣ ಕಿಟಕಿ, ಅದರ ಪಕ್ಕದಲ್ಲಿ ಹೊರಗೆ ಒಂದು ಗೂಡು. ಗೂಡಿನಲ್ಲಿ ನಮ್ಮ ಕೇರಿಯವರ ಗ್ಲಾಸುಗಳು ಬೋರಲು ಬಿದ್ದಿರುತ್ತಿದ್ದವು. ತೊಳೆದು ಹಿಡಿದರೆ ಕಿಟಕಿಯಿಂದ ಚಾ ಹೊಯ್ಯುತ್ತಿದ್ದರು. ಕುಡಿದು, ಮತ್ತೆ ತೊಳೆದು, ಮತ್ತೆ ಬೋರಲು ಹಾಕಿ ಬರಬೇಕು. ಒಳಗಿನವರಿಗೆ ಸಕ್ಕರೆ ಚಾ, ನಮಗೆ ಬೆಲ್ಲದ್ದು. ಹೋಟೆಲಿನ ಮಾಲೀಕರು ಹಣೆ ತುಂಬ ವಿಭೂತಿ ಹಚ್ಚಿದ, ಮೆತ್ತಗೆ ಮಾತಾಡುವ ಮನುಷ್ಯ. ನಾವು ಧಣಿ ಎನ್ನುತ್ತಿದ್ದೆವು. ‘ಮನಿಯಾಗ ಎಲ್ಲಾರೂ ಆರಾಮ ಅದಾರೇನು?’ ಎಂದು ಕೇಳಿಯೇ ಹೊಯ್ಯುತ್ತಿದ್ದರು ಪುಣ್ಯಾತ್ಮರು. ಬೈಯುವ ಮನುಷ್ಯನಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದಾದರೂ ಸಲೀಸಾಗಿತ್ತು.

ಅಪ್ಪ ಅದಕ್ಕೂ ಮುಂಚೆ ಕೆಲವು ವರ್ಷ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದಿದ್ದ. ನೆಲದೊಳಗೆ, ಆ ಕತ್ತಲಲ್ಲಿ, ಎಲ್ಲರಿಗೂ ಒಂದೇ ಡಬ್ಬಿಯ ಚಾ, ಒಂದೇ ಮುಚ್ಚಳದಲ್ಲಿ ಸರದಿಯಂತೆ ಕುಡಿಯುತ್ತಿದ್ದರಂತೆ. ಕೆಮ್ಮು ಹತ್ತಿ ಕೆಲಸ ಬಿಟ್ಟು ಬಂದ ಮೇಲೆ ಊರಲ್ಲಿ ಮನೆ ಕಟ್ಟುವ, ಕೆಡವುವ ಕೂಲಿ, ಮತ್ತೆ ಇದೇ ಕಿಟಕಿ. ಕಿಟಕಿಯಲ್ಲಿ ನೋಡಿದರೆ ನೇರ ಎದುರಿಗೆ, ಪಡುವಣ ಗೋಡೆಯ ಮೂಲೆಗೆ, ಕೂತು ಕೂತು ನುಣ್ಣಗಾದ ಕಲ್ಲಿನ ಕಟ್ಟೆ ಕಾಣುತ್ತಿತ್ತು. ‘ಸಾಯೋದ್ರಾಗ ಒಮ್ಮಿ ಆ ಕಟ್ಟಿ ಮ್ಯಾಲ ಕುಂತು ಚಾ ಕುಡೀಬೇಕು ನೋಡು’ ಎಂದು ಅವ್ವನ ಮುಂದೆ ಅನ್ನುತ್ತಿದ್ದ. ‘ನಿಮಗ ಹುಚ್ಚು ಹಿಡದೈತಿ, ಸುಮ್ಕಿರ್ರಿ’ ಎಂದು ಅವ್ವ ಒಲೆ ಊದುತ್ತಿದ್ದಳು. ಅಪ್ಪನಿಗೆ ಹೊಲ ಬೇಕಾಗಿರಲಿಲ್ಲ, ಬಂಗಾರ ಬೇಕಾಗಿರಲಿಲ್ಲ. ಆ ಕಟ್ಟೆಯ ಮೇಲೆ ಒಂದು ಚಾ ಬೇಕಾಗಿತ್ತು, ಅಷ್ಟೇ.

ಹೀಗಿರುವಾಗ ರಸ್ತೆ ಅಗಲ ಮಾಡುವ ಹುಕುಂ ಬಂತು. ಹೋಟೆಲು ಪೂರಾ ರಸ್ತೆಯ ಪಾಲು. ಧಣಿ ತಾವೇ ನಮ್ಮ ಕೇರಿಯ ತುದಿಯವರೆಗೆ ಬಂದು ಅಪ್ಪನನ್ನು ಕರೆಸಿದರು. ‘ಬ್ಯಾರೇದವರ ಕೈಲೆ ಕೆಡವಸಾಕ ಮನಸಿಲ್ಲ. ನೀ ಹಗೂರಕ ಕೆಡವತೀ’ ಎಂದರು. ಆಮೇಲೆ ಕೆಲಸದ ಕ್ರಮ ಹೇಳಿದರು. ‘ಮೊದಲ ಮ್ಯಾಲ ಹತ್ತಿ ಮಾಳಿಗಿ ತಗೀರಿ. ಮಾಳಿಗಿ ಹೋತಂದ್ರ ಅದು ಮನಿ ಅಲ್ಲ, ಬಯಲು. ಆಮ್ಯಾಲ ನೀವೆಲ್ಲಾ ಒಳಗ ಬರ್ರಿ. ನನ್ನ ಕೈಯಾರೆ ಚಾ ಕೊಡ್ತೀನಿ.’

ಮಾಳಿಗೆಯ, ಅಂದರೆ ಮಣ್ಣಿನ ಚಾವಣಿಯ, ಮನೆ ಕೆಡವುವುದೇ ಮೇಲಿನಿಂದ ಕೆಳಕ್ಕೆ, ಅದರಲ್ಲಿ ಹೊಸದೇನಿಲ್ಲ. ಕೆಲಸಕ್ಕೂ ಅದೇ ಕ್ರಮ, ಅವರ ಮಡಿಗೂ ಅದೇ ಕ್ರಮ. ಬಯಲಿಗೆ ಮೈಲಿಗೆ ಇಲ್ಲ, ಚಾವಣಿಗೆ ಉಂಟು! ಕೇರಿಯವರೆಲ್ಲ ಖುಷಿಪಟ್ಟರು. ಧಣಿ ದೊಡ್ಡ ಮನಸ್ಸಿನವರು, ಒಳಗೆ ಕರೆದು ಚಾ ಕೊಡುತ್ತಾರಂತೆ ಎಂದು ಮಾತಾಡಿಕೊಂಡರು. ಅಪ್ಪ ಮಾತ್ರ ಗುದ್ದಲಿಯ ಕಾವು ಬಿಗಿ ಮಾಡುತ್ತಾ ಕೂತಿದ್ದ.

ಕೆಡವುವ ದಿನ ಬೆಳಿಗ್ಗೆಯೇ ಒಲೆಯನ್ನೂ ದೇವರ ಫೋಟೋಗಳನ್ನೂ ಎದುರಿನ ಮನೆಗೆ ಸಾಗಿಸಿದ್ದರು. ದಿನಾ ಕೂಡುತ್ತಿದ್ದವರೆಲ್ಲ ರಸ್ತೆಯ ಆ ಕಡೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಆಗ ಮದುವೆಗೆ ಬಂದ ಹುಡುಗಿ. ಅವ್ವನ ಜೊತೆ ಮಣ್ಣಿನ ಬುಟ್ಟಿ ಹೊರುವುದು ನನ್ನ ಪಾಲಿನ ಕೆಲಸ. ಗಂಡಸರು ಹೊರಗಿನಿಂದ ಏಣಿ ಹಾಕಿ ಹತ್ತಿ, ಮಾಳಿಗೆಯ ಮಣ್ಣು ಕೆರೆದು, ಹಲಗೆ, ಜಂತಿ ಕಿತ್ತು ಇಳಿಸುತ್ತಾ ಬಂದರು. ಒಳಗಿನ ಹೊಗೆ ಹಿಡಿದ ಗೋಡೆಗಳಿಗೆ ಬಿಸಿಲು ಬಿತ್ತು. ಇಷ್ಟು ಸಣ್ಣ ಜಾಗವೇ ಎಂದು ನನಗೆ ಆಶ್ಚರ್ಯವಾಯಿತು.

ಪಡುವಣ ಮೂಲೆಗೆ ಬಂದಾಗ ಅಪ್ಪ ಕೈ ಅಡ್ಡ ಹಿಡಿದ. ‘ಆ ಮೂಲಿ ಮುಟ್ಟಬ್ಯಾಡ್ರಿ. ಅಲ್ಲಿ ತೊಲಿ ಸಡ್ಲ ಐತಿ. ಕಡೀಕ ನಾನ ತಗೀತೀನಿ.’ ಸುಳ್ಳು. ಸ್ವಲ್ಪ ಹೊತ್ತಿನ ಮುಂಚೆ ಅದೇ ತೊಲೆಯ ಮೇಲೆ ಅವನು ಎರಡೂ ಕಾಲೂರಿ ಕುಕ್ಕಿ ನೋಡಿದ್ದನ್ನು ನಾನು ಕಂಡಿದ್ದೆ. ಅದು ಜಪ್ಪಯ್ಯ ಅನ್ನಲಿಲ್ಲ. ನಾನು ಬುಟ್ಟಿ ಎತ್ತಿಕೊಂಡು ಹೊರಗೆ ನಡೆದೆ.

ನಡು ಮಧ್ಯಾಹ್ನಕ್ಕೆ ಧಣಿ ಚಾ ತಂದರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಗೂಡಿನ ಗ್ಲಾಸಲ್ಲ, ಒಳಗಿನವರ ಕಪ್ಪು, ಬಸಿ. ನಾವು ಬಿಸಿಲಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಸಾಲಾಗಿ ಕೂತೆವು. ಒಬ್ಬೊಬ್ಬರಿಗೂ ಬಾಗಿ ಕೊಟ್ಟರು. ಚಾ ಚಲೋ ಇತ್ತು, ಅದನ್ನು ಇಲ್ಲ ಅನ್ನಲಾರೆ. ಅವ್ವನ ಕಣ್ಣಲ್ಲಿ ನೀರೇ ಬಂತು. ಆ ನೀರನ್ನು ಕಂಡು ನನಗೆ ಬಂದ ಸಿಟ್ಟು ಇನ್ನೂ ಹಾಗೇ ಇದೆ. ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಅಪ್ಪ ನಮ್ಮ ಸಾಲಿನಲ್ಲಿರಲಿಲ್ಲ. ಉಳಿದಿದ್ದ ಆ ಮೂಲೆಯ ಮಾಳಿಗೆಯ ಕೆಳಗೆ, ಕಲ್ಲಿನ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ.

ಧಣಿ ಕಪ್ಪು ಹಿಡಿದು ಅತ್ತ ನಡೆದವರು ಮೇಲೆ ನೋಡಿದರು, ನಿಂತರು. ‘ಇತ್ತ ಬಯಲಿಗೆ ಬಾ ಮಾರಾಯಾ. ಮೈ ಮ್ಯಾಲ ಬಿದ್ದೀತು.’

‘ಬೀಳೂದಿಲ್ರಿ ಧಣಿ. ಗಟ್ಟಿ ಐತಿ.’

ಇಬ್ಬರೂ ಮೆತ್ತಗೇ ಮಾತಾಡಿದರು. ರಸ್ತೆಯಾಚೆಯ ಮಂದಿ ಅಳುವುದು ಬಿಟ್ಟು ಕತ್ತು ಉದ್ದ ಮಾಡಿದರು. ಧಣಿಯ ಮುಖ ಸಣ್ಣದಾಯಿತು. ಅವರಿಗೂ ಕಷ್ಟವಾಗಿತ್ತು, ಅದನ್ನು ನಾನು ಕಂಡೆ. ನೆರಳಿನ ಅಂಚಿನವರೆಗೆ ಬಂದು, ಬಾಗಿ, ಕಪ್ಪು, ಬಸಿಯನ್ನು ಅಂಚಿನ ಈಚೆ ಬಿಸಿಲಲ್ಲಿ ನೆಲದ ಮೇಲಿಟ್ಟು, ‘ಆರ್ತದ, ಬಂದು ಕುಡಿ’ ಎಂದು ಹೇಳಿ ತಿರುಗಿ ಹೋದರು.

ಅಪ್ಪ ಏಳಲಿಲ್ಲ. ‘ಏಳ್ರೀ, ಮಂದಿ ನೋಡಾಕತ್ತಾರ. ನಾಳೆ ಯಾರ ಮುಂದ ಕೆಲಸ ಕೇಳೂದು?’ ಎಂದು ಅವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು. ರಸ್ತೆಯಾಚೆಯಿಂದ ಯಾರೋ ‘ಮಹಾರಾಜರಿಗೆ ಬಾಯಿಗೇ ಹಿಡೀಬೇಕೇನೋ’ ಎಂದು ನಕ್ಕರು. ಅಪ್ಪ ಅವರ ಕಡೆ ತಿರುಗಲೂ ಇಲ್ಲ. ಕಪ್ಪನ್ನೇ ನೋಡುತ್ತಾ ಕೂತಿದ್ದ. ‘ಅದ ಬರ್ಲಿ ತಡಿ’ ಎಂದ. ಏನು ಬರಬೇಕು, ಎಲ್ಲಿಂದ ಬರಬೇಕು ಎಂದು ನಮಗೆ ತಿಳಿಯಲಿಲ್ಲ.

ಹೊತ್ತು ವಾಲತೊಡಗಿತು. ಮಾಳಿಗೆಯ ನೆರಳು ಕಟ್ಟೆಯ ಕಡೆಯಿಂದ ನಮ್ಮ ಕಡೆಗೆ ಮೆಲ್ಲಗೆ ಚಾಚಿತು. ಮೊದಲು ಬಸಿ ನೆರಳಿಗೆ ಬಂತು. ಆಮೇಲೆ ಕಪ್ಪಿನ ಕಿವಿ. ಆಮೇಲೆ ಇಡೀ ಕಪ್ಪು. ಆಗ ಅಪ್ಪ ಕೂತಲ್ಲಿಂದಲೇ ಬಾಗಿ, ಪೂರಾ ಕೈ ಚಾಚಿ, ಕಪ್ಪು ಎತ್ತಿಕೊಂಡ. ಆರಿ ಕೆನೆ ಕಟ್ಟಿದ ಚಾ. ಕೆನೆಯನ್ನೂ ಬಿಡದೆ ನಿಧಾನವಾಗಿ ಕುಡಿದ.

‘ಸಕ್ಕರಿ ಹಾಕ್ಯಾರ’ ಎಂದ. ಎದ್ದು, ಏಣಿ ಹತ್ತಿ, ಆ ಮೂಲೆಯನ್ನು ಒಬ್ಬನೇ ಕೆಡವಿದ.

ನಿಜಾಮರ ರಾಜ್ಯ ಮುಗಿಯುವುದರೊಳಗೇ ಅಪ್ಪ ಹೋದ. ಕೊನೆಯ ಜ್ವರದಲ್ಲಿ ನಾನು ಗಂಡನ ಮನೆಯಿಂದ ಬಂದು ಪಕ್ಕದಲ್ಲಿ ಕೂತಿದ್ದೆ. ಅವನನ್ನು ನೋಡಲು ಬಂದ ಕೇರಿಯವರು ಹೋಟೆಲಿನ ಮಾತೆತ್ತಿದರೆ ಅಷ್ಟು ನಿತ್ರಾಣದಲ್ಲೂ ‘ಒಮ್ಮಿ ಕುಡದೀನಿ, ಒಳಗ ಕುಂತು’ ಎನ್ನುತ್ತಿದ್ದ. ಅವರೆಲ್ಲ ಎದ್ದು ಹೋದ ಮೇಲೆ ಒಂದು ದಿನ ನನ್ನ ಕೈ ಹಿಡಿದುಕೊಂಡ.

ನಾನು ಅವತ್ತು ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದವಳು. ಮಾಳಿಗೆಯ ಅಂಚು ಎಲ್ಲಿಗೆ ಮುಗಿದಿತ್ತು, ಕಪ್ಪು ಎಲ್ಲಿತ್ತು, ಎರಡೂ ನನಗೆ ನೆಟ್ಟಗೆ ಕಾಣುತ್ತಿದ್ದವು. ಮಾಳಿಗೆ ಇದ್ದಲ್ಲೇ ಇತ್ತು, ಸರಿದದ್ದು ನೆರಳು ಮಾತ್ರ. ಕಪ್ಪಿನ ನೆತ್ತಿಯ ಮೇಲೆ ಬರೀ ಆಕಾಶವಿತ್ತು.

‘ಕಪ್ಪು ಒಳಗ ಇತ್ತಲ್ಲ ಯವ್ವಾ?’ ಎಂದು ಕೇಳಿದ.

‘ಇತ್ತಪ್ಪಾ’ ಎಂದೆ. ‘ಒಳಗ ಇತ್ತು.’