ಚಿತ್ರವನ್ನು ನಂಬದ ವಾರಿಜಕ್ಕ

ಬಾಗಿಲಿನ ಕಿಂಡಿಯಿಂದ ನನ್ನನ್ನು ಚೆನ್ನಾಗಿ ನೋಡಿದ ಮೇಲೂ ವಾರಿಜಕ್ಕ ‘ಯಾರು?’ ಎಂದು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆಯೇ ಚಿಲಕ ತೆಗೆಯುವುದು. ಉಡುಪಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು ಮದುವೆಯಾಗಿ ಬಹ್ರೇನಿಗೆ ಬಂದು, ಸೆಗಯಾ ಎಂಬ ಬಡಾವಣೆಯ ಸಣ್ಣ ಫ್ಲ್ಯಾಟಿನಲ್ಲಿ ಟ್ಯೂಷನ್ ಹೇಳುತ್ತಿದ್ದರು. ಕಿವಿರು ಎತ್ತಿ ನೋಡದೆ ಮೀನು ಕೊಳ್ಳದ ಅವರು ಪ್ರಶ್ನೆಪತ್ರಿಕೆಯ ವೃತ್ತಗಳನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದರು.

ತೊಂಬತ್ತರ ದಶಕದ ಆ ವರ್ಷ, ಬಹ್ರೇನಿನಲ್ಲೇ ಓದುತ್ತಿದ್ದ ನನಗೆ ಪ್ರವೇಶ ಪರೀಕ್ಷೆಯಿತ್ತು. ಅಂಕ ಕಡಿಮೆಯಾದರೆ ಇಂಜಿನಿಯರಿಂಗ್ ಆಸೆ ಬಿಟ್ಟು ಬಿ.ಕಾಂ. ಸೇರಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು.

ಮೊದಲ ದಿನವೇ ವೃತ್ತದೊಳಗಿನ ತ್ರಿಕೋನವೊಂದರ ಕೋನ ನೋಡಿ ‘ತೊಂಬತ್ತು ಡಿಗ್ರಿ’ ಎಂದೆ.

‘ಯಾರು ಹೇಳಿದ್ದು?’

‘ಆ ಗೆರೆ ವ್ಯಾಸ ಅಲ್ವಾ ಅಕ್ಕ? ನಡುವಿನಲ್ಲೇ ಹೋಗ್ತದೆ.’

‘ಹೋದ ಹಾಗೆ ಕಾಣ್ತದೆ. ಕೇಂದ್ರದ ಮೇಲೆ ಹೋಗ್ತದೆ ಅಂತ ಎಲ್ಲಿ ಬರೆದಿದ್ದಾರೆ, ಓದು ನೋಡುವ.’

ಎಲ್ಲಿಯೂ ಬರೆದಿರಲಿಲ್ಲ.

‘ಮುಖ ನೋಡಿ ಹೆಣ್ಣು ಕೊಡುವವರ ಹಾಗೆ ಮಾಡ್ಬೇಡ ಮಾರಾಯ್ತಿ. ವಿಚಾರಿಸು.’

ಅಂದಿನಿಂದ ಅವರು ಬೇಕೆಂದೇ ಸೊಟ್ಟ ವೃತ್ತಗಳನ್ನು ಬರೆದುಕೊಡತೊಡಗಿದರು. ಅಂದದ ಚಿತ್ರ ಕಂಡರೆ ಬುದ್ಧಿ ಮಲಗುತ್ತದಂತೆ. ಸಮತಲದ ಪಾಠದಲ್ಲಂತೂ ಕಾಗದದ ಮೇಲೂ ಅವರಿಗೆ ಗುಮಾನಿ. ‘ಕಾಗದದಲ್ಲಿ ಬರೆದ ಕೂಡಲೇ ಎಲ್ಲ ಬಿಂದುಗಳೂ ಕಾಗದದಲ್ಲೇ ಕೂತಿರ್ತವಾ? ಒಂದು ನಿನ್ನ ಮೂಗಿನ ತುದಿಯಲ್ಲೂ ಇದ್ದೀತು!’ ಎನ್ನುತ್ತಿದ್ದರು. ಉತ್ತರ ಸರಿಯಾದರೂ ನನ್ನನ್ನು ನಂಬುತ್ತಿರಲಿಲ್ಲ. ‘ಕಂಡು ಹೇಳಿದ್ದಾ, ತಿಳಿದು ಹೇಳಿದ್ದಾ?’

ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಒಂದು ಬಿಂದುವಿನಿಂದ ಐದು ಸೆಂಟಿಮೀಟರ್ ದೂರದಲ್ಲಿರುವ ಎಲ್ಲ ಬಿಂದುಗಳೂ ಸೇರಿದರೆ ಏನಾಗುತ್ತದೆ? ಪಕ್ಕದಲ್ಲಿ ದುಂಡನೆಯ ಚಿತ್ರ. ಮೊದಲ ಆಯ್ಕೆಯೇ ವೃತ್ತ. ಅದು ಅಷ್ಟು ಸುಲಭವಾಗಿ ಸಿಕ್ಕಿದ್ದೇ ನನಗೆ ಸರಿಕಾಣಲಿಲ್ಲ. ‘ಒಂದೇ ಸಮತಲದಲ್ಲಿ’ ಎಂಬ ಮಾತಿಗಾಗಿ ಹುಡುಕಿದೆ. ಇರಲಿಲ್ಲ. ಹಾಗಿದ್ದರೆ ಬಿಂದುಗಳು ಮೇಲೆ, ಕೆಳಗೆ, ಎಲ್ಲ ಕಡೆಯೂ ಇರಬಹುದು. ಗೋಲ ಎಂದು ಗುರುತು ಹಾಕಿದೆ.

ಸಂಜೆ ಹೋಗಿ ಹೇಳಿದಾಗ ವಾರಿಜಕ್ಕ ಪ್ರಶ್ನೆಯನ್ನು ಎರಡೆರಡು ಸಲ ಹೇಳಿಸಿದರು. ಆಮೇಲೆ ಒಳಗೆ ಹೋಗಿ ಚಹಾ ತಂದರು. ಅಷ್ಟು ದಿನಗಳಲ್ಲಿ ಅದೇ ಮೊದಲು.

‘ಸರಿ ಇರ್ಬೇಕು. ಆದ್ರೆ ರಿಸಲ್ಟ್ ಬರುವವರೆಗೆ ನಂಬಬೇಡ.’

ರಿಸಲ್ಟ್ ಬಂತು. ಸೀಟು ಸಿಗುವಷ್ಟು ಅಂಕಗಳಿದ್ದವು. ಹೇಳಲು ಓಡಿದರೆ ಅವರ ಬಾಗಿಲಿಗೆ ಹೊರಗಿನಿಂದ ಬೀಗ. ‘ಗಂಡನ ಕೆಲಸ ಹೋಯ್ತು, ಊರಿಗೆ ಹೋದ್ರು, ಇನ್ನು ಬರುವುದಿಲ್ಲ’ ಎಂದರು ಎದುರುಮನೆಯವರು.

ಯಾರು ಹೇಳಿದ್ದು ಎಂದು ಕೇಳಬೇಕೆನಿಸಿತು. ಎದುರುಮನೆಯವರು ಒಳಗೆ ಹೋದ ಮೇಲೆ, ಬೀಗ ಕಣ್ಣೆದುರೇ ಇದ್ದರೂ, ವಾರಿಜಕ್ಕನ ಬೆಲ್ ಒತ್ತಿ ಕಿಂಡಿಯ ಮುಂದೆ ನಿಂತು ನನ್ನ ಹೆಸರು ಹೇಳಿದೆ.