ಹಾಲವ್ವನ ಒಡಪು, ನನ್ನ ಹೆಸರು

ಇಪ್ಪತ್ತೊಂದು ವರ್ಷದಿಂದ ನನ್ನ ಹತ್ತಿರ ಒಂದು ಕಳವಿನ ಮಾಲು ಇದೆ. ಅದು ಕಳವಿನದು ಅಂತ ನನಗೆ ಗೊತ್ತಾಗಿದ್ದು ಮಾತ್ರ ಈಚೆಗೆ, ಹಡಗಲಿಯ ತಾಲ್ಲೂಕು ಸಾಹಿತ್ಯ ಸಮ್ಮೇಳನದಲ್ಲಿ. ಅದೂ ವೇದಿಕೆಯ ಮೇಲಲ್ಲ, ಊಟದ ಪೆಂಡಾಲಿನಲ್ಲಿ.

ಗಾಬರಿಯಾಗಬೇಡಿ, ಬಂಗಾರವಲ್ಲ. (ಬಂಗಾರ ನಮ್ಮ ಮನೆಯಲ್ಲಿ ಅಷ್ಟು ವರ್ಷ ನಿಲ್ಲುವುದೂ ಇಲ್ಲ.) ಎರಡೇ ಎರಡು ಸಾಲು.

ನಾನು ತಂಬ್ರಹಳ್ಳಿಯ ಹುಡುಗಿ, ಕೊಟ್ಟೂರಿನ ಸೊಸೆ ಅನ್ನುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಮದುವೆಯಾಗಿ ಗಂಡನ ಮನೆಗೆ ಬಂದ ದಿನ ಹೊಸ್ತಿಲಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತಿದ್ದರು. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಯಾರ ಹೆಸರು? ಗಂಡನದು. ನಮ್ಮ ಕಡೆ ಹೆಂಡತಿ ಆ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಒಡಪಿನಲ್ಲಿ ಇಟ್ಟು ಹೇಳಬೇಕು. ಎರಡು ಸಾಲಿನ ಪದ್ಯ, ಅದರ ಹೊಟ್ಟೆಯೊಳಗೆ ಗಂಡನ ಹೆಸರು. ಅಷ್ಟೇ ಒಡಪು.

ಹಡಗಲಿ ತಾಲ್ಲೂಕಿನ ಇಟ್ಟಿಗಿಗೆ ಕೊಟ್ಟಿದ್ದ ನಮ್ಮ ಚಿಕ್ಕವ್ವ ಹಿಂದಿನ ದಿನವೇ ನನಗೆ ಅದನ್ನು ಬಾಯಿಪಾಠ ಮಾಡಿಸಿದ್ದಳು. ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ.

"ಹಗರಿ ಹಳ್ಳ ದಾಟಿ ಬಂದೆ, ಕಾಲಿಗೆ ಹತ್ತಿತು ಮರಳು,
ಕೊಟ್ರೇಶಪ್ಪನ ಹೊಸ್ತಿಲಕ ಕೊಡವಿದೆ, ಹೋಗವಲ್ದು ತವರಿನ ಕರುಳು."

ಅಡ್ಡ ಹಿಡಿದಿದ್ದ ಕೈಗಳು ಕೆಳಗಿಳಿದವು. ನಮ್ಮತ್ತೆ (ಅಷ್ಟು ಸುಲಭಕ್ಕೆ ಕರಗುವ ಜೀವವಲ್ಲ) ಸೆರಗಿನಿಂದ ಕಣ್ಣು ಒರೆಸಿಕೊಂಡರು. ಯಾರು ಕಟ್ಟಿದ್ದು ಅಂತ ಯಾರೋ ಕೇಳಿದಾಗ, ಜೊತೆಗೆ ಬಂದಿದ್ದ ಚಿಕ್ಕವ್ವ ಎದೆ ಮುಟ್ಟಿಕೊಂಡು ನಾನೇ ಅಂದಳು. ಆಮೇಲೆ ನಾನು ಆ ಎರಡು ಸಾಲನ್ನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಇದೇ ಅಂಕಣದಲ್ಲಿ ಚಿಕ್ಕವ್ವನ ಹೆಸರು ಹಾಕಿ, ಹೆಮ್ಮೆಯಿಂದ ಬರೆದದ್ದೂ ಇದೆ. ನಿಮಗೆ ನೆನಪಿರಬಹುದು. ಇರದಿದ್ದರೆ ಇನ್ನೂ ಒಳ್ಳೆಯದು.

ಈಗ ಸಮ್ಮೇಳನಕ್ಕೆ ಬರೋಣ.

ಟ್ರಾನ್ಸ್‌ಫರ್ ಆಗಿ ಹಡಗಲಿಯ ಹೈಸ್ಕೂಲಿಗೆ ಬಂದು ನಾಲ್ಕು ವರ್ಷವಾಯಿತು. ಕನ್ನಡ ಟೀಚರ್, ಜೊತೆಗೆ ಪತ್ರಿಕೆಯಲ್ಲಿ ಬರೆಯುವವಳು. ಹಾಗಾಗಿ ಮಹಿಳಾ ಗೋಷ್ಠಿಯ ಜವಾಬ್ದಾರಿ ನನ್ನ ತಲೆಗೆ ಬಂತು. ತಾಲ್ಲೂಕಿನ ಪ್ರತಿಭೆಗಳನ್ನು ಹುಡುಕಿ ತೆಗೆಯಬೇಕು ಅಂತ ಸಮಿತಿಯವರು ಅಪ್ಪಣೆ ಕೊಟ್ಟರು. ನಾನು ಹುಡುಕಿದೆ. ಎಲ್ಲಿ ಹುಡುಕಿದೆ ಅಂತೀರಿ? ಸ್ಟಾಫ್ ರೂಮಿನಲ್ಲಿ. ಆರು ಜನ ಕವಯಿತ್ರಿಯರು ಸಿಕ್ಕರು. ಅದರಲ್ಲಿ ನಾಲ್ವರು ಟೀಚರುಗಳು, ಒಬ್ಬರು ಮಾಸ್ತರರ ಹೆಂಡತಿ. ಇನ್ನೊಬ್ಬರು ಕೂಡ್ಲಿಗಿಯಲ್ಲಿರುವ ನನ್ನ ಗೆಳತಿ. ಅವಳು ಈ ತಾಲ್ಲೂಕಿನವಳಲ್ಲ, ಆದರೆ ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ ಅಂತ ಸಮಜಾಯಿಷಿ ಕೊಟ್ಟು ಸೇರಿಸಿದ್ದೆ.

ಸಮ್ಮೇಳನ ಚೆನ್ನಾಗಿಯೇ ನಡೆದಿತ್ತು. ಸುಳ್ಳು ಯಾಕೆ ಹೇಳಲಿ? ಎಂಟನೇ ತರಗತಿಯ ಕೋಣೆಯಲ್ಲಿ ಡ್ರಾಯಿಂಗ್ ಮಾಸ್ತರರ ಚಿತ್ರಗಳನ್ನು ಹಗ್ಗ ಕಟ್ಟಿ ನೇತು ಹಾಕಿದ್ದರು. ದಿನಾ ನಮ್ಮ ಜೊತೆ ಚಹಾ ಕುಡಿಯುವ ಮನುಷ್ಯ ತುಂಗಭದ್ರೆಯ ಹಿನ್ನೀರನ್ನು ಅಷ್ಟು ಚಂದ ಬಿಡಿಸಬಲ್ಲ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಪುಸ್ತಕದ ಸ್ಟಾಲಿನಲ್ಲಿ ನಮ್ಮ ಸುತ್ತಿನವರ ಪುಸ್ತಕಗಳೇ ಒಂದು ಮೇಜಿನ ತುಂಬ ಇದ್ದವು. ನಾನು ಎರಡು ಕೊಂಡೆ. (ಬರೆದವರು ಪಕ್ಕದಲ್ಲೇ ನಿಂತಿದ್ದರು, ಕೊಳ್ಳದೆ ಮುಂದೆ ಹೋಗುವ ಧೈರ್ಯ ಯಾರಿಗಿದೆ?) ಒಟ್ಟಿನಲ್ಲಿ ನಮ್ಮೂರ ಪ್ರತಿಭೆ ನಮಗೇ ಗೊತ್ತಿಲ್ಲವಲ್ಲ ಅಂತ ದೊಡ್ಡ ಮನಸ್ಸಿನಿಂದ ಮರುಗುತ್ತ ನಾನು ಊಟಕ್ಕೆ ಹೋದೆ.

ಪೆಂಡಾಲಿನ ಒಂದು ಬದಿಗೆ ಐದಾರು ಒಲೆ ಹೂಡಿ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಬಿಸಿ ರೊಟ್ಟಿಯ ಆಸೆಗೆ ನಾವು ಟೀಚರುಗಳೆಲ್ಲ ಅಲ್ಲೇ ತಟ್ಟೆ ಹಿಡಿದು ಕುಳಿತೆವು. ನಮ್ಮ ಜೊತೆ ಸುಮಾ ಇದ್ದಳು. ಈ ವರ್ಷ ಕೆಲಸಕ್ಕೆ ಸೇರಿದ ಹುಡುಗಿ, ಮದುವೆಯಾಗಿ ಒಂದು ತಿಂಗಳಾಗಿತ್ತು. ಸುಮ್ಮನೆ ಬಿಡುತ್ತಾರೆಯೇ? ಹೆಸರು ಹೇಳಿದರೇ ರೊಟ್ಟಿ ಅಂತ ಒಲೆಯ ಮುಂದಿನ ಹೆಂಗಸರು ಹಟ ಹಿಡಿದರು. ಸುಮಾ ಬಿ.ಎಸ್ಸಿ., ಬಿ.ಎಡ್. ಓದಿದವಳು. ಗಂಡನ ಹೆಸರು ಮಂಜುನಾಥ, ಊರು ಬಾಗಳಿ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಅದು ನಡೆಯುವುದಿಲ್ಲ ಅಂದರು. ಅವಳ ಮುಖ ಕೆಂಪಾಯಿತು.

ಆಗ ತುದಿಯ ಒಲೆಯ ಮುಂದಿದ್ದ ಹೆಂಗಸು ಅವಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಸುಮಾ ಎರಡು ಸಲ ಕೇಳಿಸಿಕೊಂಡು ಬಂದು ನಿಂತಳು.

"ಬಾಗಳಿ ಗುಡಿ ಕಂಬ ಮಿಂಚತಾವ ಮಾರಿ ಕಾಣೋ ಕನ್ನಡಿ ಹಂಗ,
ಮಂಜುನಾಥರ ಮುಂದ ನಿಂತ್ರ ನನಗ ನಾನಾ ಹೊಸಾಕಿ ಹಂಗ."

ನಾನು ಬಾಗಳಿಯ ಕಲ್ಲೇಶ್ವರನ ಗುಡಿಗೆ ಮಕ್ಕಳನ್ನು ಎಷ್ಟು ಸಲ ಟ್ರಿಪ್ಪಿಗೆ ಕರೆದುಕೊಂಡು ಹೋಗಿದ್ದೇನೋ. ಆ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡಿದ್ದೇನೆ. ಇಂಥ ಮಾತು ಹೊಳೆದಿರಲಿಲ್ಲ.

ನನಗೂ ಹುರುಪು ಬಂತು. ನಮ್ಮ ಚಿಕ್ಕವ್ವನ ಒಡಪು ಕೇಳಿ ಅಂತ ಶುರು ಮಾಡಿದೆ. "ಹಗರಿ ಹಳ್ಳ ದಾಟಿ ಬಂದೆ, ಕಾಲಿಗೆ ಹತ್ತಿತು ಮರಳು" ಅಂದು ಒಂದು ಉಸಿರು ತೆಗೆದುಕೊಂಡೆ. ಅಷ್ಟರಲ್ಲಿ ಆ ಹೆಂಗಸು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ ಎರಡನೇ ಸಾಲು ಮುಗಿಸಿಬಿಟ್ಟಳು. ಕೊಟ್ರೇಶಪ್ಪನ ಹೆಸರಿನ ಸಮೇತ.

ಈ ಒಡಪು ಅಷ್ಟು ಫೇಮಸ್ಸಾ ಅಂತ ಕೇಳಿದೆ.

"ಇಲ್ರಿ ಅಕ್ಕೋರ. ಅದು ಒಬ್ಬಾಕಿಗೇ ಮಾಡಿದ್ದು. ತಂಬ್ರಹಳ್ಳಿ ಹುಡುಗಿ, ಕೊಟ್ಟೂರಿಗೆ ಕೊಟ್ಟಿದ್ರು. ಆಕಿ ಚಿಕ್ಕವ್ವ ನಮ್ಮ ಇಟ್ಟಿಗ್ಯಾಕಿ. ಬಂದು ಕೇಳಿದ್ಲು, ಕಟ್ಟಿ ಕೊಟ್ಟೆ. ಒಂದು ಕುಪ್ಪಸದ ಕಣ ಕೊಟ್ಟು ಹೋಗಿದ್ಲು."

ನನ್ನ ಬಾಯಿಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಆ ಹುಡುಗಿ ನಾನೇ ಅಂದೆ. ಆಗ ಅವಳು ಕತ್ತೆತ್ತಿ ನನ್ನನ್ನು ಸರಿಯಾಗಿ ನೋಡಿದಳು. ಬೇಸರ ಮಾಡಿಕೊಳ್ಳಲಿಲ್ಲ. ಕರುಳು ಈಗಲಾದರೂ ಸುಮ್ಮನಾಗಿದೆಯೋ ಇಲ್ಲವೋ ಅಂತ ಕೇಳಿ ನಕ್ಕಳು.

ಪಕ್ಕದ ಒಲೆಯವರು ಒಬ್ಬೊಬ್ಬರಾಗಿ ಹೇಳತೊಡಗಿದರು. ಇಟ್ಟಿಗಿಯ ಸುತ್ತ ಯಾವ ಮದುವೆಯಾದರೂ ಒಡಪು ಇವಳದೇ. ಹುಡುಗನ ಹೆಸರು, ಊರು, ಅವನು ಮಾಡುವ ಕೆಲಸ ಹೇಳಿದರೆ ಸಾಕು, ರೊಟ್ಟಿ ಬೇಯುವುದರೊಳಗೆ ಒಡಪು ತಯಾರು. ಹಾಗಾದರೆ ನಿಮ್ಮದೊಂದು ಹೇಳಿ, ನಿಮ್ಮ ಯಜಮಾನರ ಹೆಸರಿಟ್ಟು ಹೇಳಿ ಅಂತ ನಾನು ಕೇಳಿದೆ. ಒಲೆಯ ಮುಂದಿನವರು ಮುಖ ಮುಖ ನೋಡಿಕೊಂಡರು. ಅವಳೇ ಹೇಳಿದಳು.

"ನನಗ ಮದುವಿ ಆಗಿಲ್ರಿ. ಅವ್ವ ಹೋದ ಮ್ಯಾಲ ನಾಲ್ಕು ಮಂದಿ ತಮ್ಮ ತಂಗ್ಯಾರನ್ನ ದಡ ಮುಟ್ಟಿಸೋದ್ರಾಗ ಹೊತ್ತು ಹೋತು. ನನ್ನ ಯಾರೂ ಹೆಸರು ಕೇಳಿಲ್ಲ."

ನಾನೂ ಕೇಳಿರಲಿಲ್ಲ. ಅರ್ಧ ಗಂಟೆಯಿಂದ ಮಾತಾಡುತ್ತಿದ್ದೆ. ರೊಟ್ಟಿ ತಿಂದಿದ್ದೆ, ಒಡಪು ಕೇಳಿದ್ದೆ. ಅವಳ ಹೆಸರೇನು ಅಂತ ಕೇಳಬೇಕು ಅನ್ನಿಸಿರಲಿಲ್ಲ. ನಾಚಿಕೆಯಾಯಿತು. ಆಗ ಕೇಳಿದೆ. ಹಾಲವ್ವ ಅಂದಳು.

ಗೋಷ್ಠಿಗೆ ಬನ್ನಿ ಹಾಲವ್ವಕ್ಕ ಅಂದೆ. ಕೂಡ್ಲಿಗಿಯ ಗೆಳತಿ ಬಸ್ಸು ತಪ್ಪಿಸಿಕೊಂಡಿದ್ದರಿಂದ ಒಂದು ಕುರ್ಚಿ ಹೇಗೂ ಖಾಲಿ ಇತ್ತು. ಹಾಲವ್ವ ಬರುವುದಿಲ್ಲ ಅನ್ನಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡಳು. ಹೊರಡುವ ಮುಂಚೆ ಒಂದೇ ಒಂದು ಮಾತು ಹೇಳಿದಳು.

"ಬರತೀನ್ರಿ. ಆದ್ರ ಇವು ನಾ ಕಟ್ಟಿದ್ದು ಅಂತ ಹೇಳಬೇಕು ನೋಡ್ರಿ. ಇಷ್ಟು ದಿನ ಎಲ್ಲಾರೂ ಅತ್ತಿದು, ಚಿಕ್ಕವ್ವಂದು ಅಂತ ಹೇಳಿಕೊಂತ ಬಂದಾರ. ಒಂದ್ಸಲ ನಂದು ಅನ್ನಿಸಿಕೊಳ್ಳಲಿ."

ಮಾತು ಕೊಟ್ಟೆ. ಮಾತು ಕೊಡುವುದು ನಮಗೆಲ್ಲ ಎಷ್ಟು ಸುಲಭ, ಅಲ್ಲವೇ?

ವೇದಿಕೆಯ ಮೇಲೆ ನಿರೂಪಕರು ಈಗ ಜಾನಪದ ಸೊಗಡಿನ ಒಬ್ಬ ಮಹಿಳೆ ಬರುತ್ತಾರೆ ಅಂದರು. ನಾನು ಮೈಕು ಕಿತ್ತುಕೊಂಡು ಇವರು ಇಟ್ಟಿಗಿಯ ಹಾಲವ್ವ, ಇವೆಲ್ಲ ಇವರೇ ಕಟ್ಟಿದ್ದು ಅಂತ ಸರಿಯಾಗಿ ಹೇಳಿದೆ. (ಅವತ್ತಿನ ಮಟ್ಟಿಗೆ ನಾನು ಒಳ್ಳೆಯವಳು.) ನಮ್ಮ ಐವರು ಕವಯಿತ್ರಿಯರು ಓದುವಾಗ ಆಕಳಿಸುತ್ತಿದ್ದ ಸಭೆ ಎದ್ದು ಕುಳಿತಿತು. ಕೆಳಗಿನಿಂದ ಹೆಂಗಸರು ಹೆಸರು ಕೂಗತೊಡಗಿದರು. ನಮ್ಮನೆಯವರು ನಾಗರಾಜ, ಕಂಡಕ್ಟರು ಅಂದಳು ಒಬ್ಬಳು. ಹಾಲವ್ವ ಎರಡು ನಿಮಿಷ ಸೆರಗಿನ ಅಂಚು ಹೊಸೆದಳು.

"ಟವಲು ಒಗದು ಸೀಟು ಹಿಡೀತಾರ ಹರಪನಹಳ್ಳಿ ಬಸ್ಸಿನಾಗ,
ಟಿಕೀಟಿಲ್ಲದ ಕುಂತೀನಿ ನಾನು ನಾಗರಾಜನ ಮನಸಿನಾಗ."

ಶಾಮಿಯಾನದ ಕಂಬ ಅಲ್ಲಾಡುವಷ್ಟು ಚಪ್ಪಾಳೆ. ನಾನು ಸಂಭ್ರಮದಲ್ಲಿ ಮೈಕು ಅವಳ ಮುಂದೆ ಹಿಡಿದು, ಹೊಸ್ತಿಲಲ್ಲಿ ನಾದಿನಿಯರು ಕೇಳುವ ಹಾಗೆಯೇ ಹೆಸರು ಹೇಳಿ ಹಾಲವ್ವಕ್ಕ ಅಂದೆ. ಅವಳು ನನ್ನನ್ನು ಒಂದು ಸಲ ನೋಡಿದಳು. ಹೊಸೆಯುತ್ತಿದ್ದ ಸೆರಗು ಬಿಟ್ಟಳು. ಇದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ.

"ಹಂಚಿನ ಮ್ಯಾಲ ರೊಟ್ಟಿ ಉಬ್ಬಿತು, ಬೆಂದೈತೇನಂತ ಕೇಳಿದವರು ಯಾರವ್ವ?
ನೂರು ಗಂಡರ ಹೆಸರು ಹೆಣೆದಾಕಿ, ನನ್ನ ಹೆಸರು ಇಟ್ಟಿಗಿ ಹಾಲವ್ವ."

ಗಂಡನ ಹೆಸರಿಲ್ಲದ ಒಡಪು ಉಂಟೇ? ನಾನು ಕೇಳಿದ್ದು ಅದೇ ಮೊದಲು. ಚಪ್ಪಾಳೆ ಬೀಳಲು ಸ್ವಲ್ಪ ಹೊತ್ತೇ ಬೇಕಾಯಿತು. ವಂದನಾರ್ಪಣೆ ನಾನು ಮಾಡಬೇಕಿತ್ತು, ಮೈಕು ಬೇರೆಯವರ ಕೈಗೆ ಕೊಟ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ನಿಮಗೂ ಖುಷಿ, ನನಗೂ ಮರ್ಯಾದೆ. ಆದರೆ ಮುಂದಿನದನ್ನೂ ಹೇಳಬೇಕು.

ಸ್ಮರಣ ಸಂಚಿಕೆಗೆ ಹಾಲವ್ವನ ಹನ್ನೆರಡು ಒಡಪುಗಳನ್ನು ಬರೆದು ಕಳಿಸಿದೆ. ಒಂದು ತಿಂಗಳಾದ ಮೇಲೆ ಸಂಪಾದಕರು ಸ್ಕೂಲಿಗೆ ಫೋನ್ ಮಾಡಿದರು. ಕಾಲೇಜಿನ ಲೆಕ್ಚರರು, ಹರಪನಹಳ್ಳಿಯಿಂದ ದಿನಾ ಓಡಾಡುವ ಸಂಭಾವಿತರು. ಒಡಪು ಅಂದ್ರೆ ಜಾನಪದ ಅಲ್ವಾ ಮೇಡಂ, ಜಾನಪದಕ್ಕೆ ಕರ್ತೃ ಇರಲ್ಲ, ಸಂಗ್ರಹ ಅಂತ ಹಾಕೋಣವಾ ಅಂತ ಕೇಳಿದರು. ನನ್ನ ಮುಂದೆ ತಿದ್ದಬೇಕಾದ ಉತ್ತರಪತ್ರಿಕೆಗಳ ರಾಶಿ ಇತ್ತು, ಹಿಂದೆ ಹೆಡ್‌ಮಾಸ್ತರು ಫೋನಿಗಾಗಿ ಕಾಯುತ್ತಿದ್ದರು. ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ ಸರ್ ಅಂದುಬಿಟ್ಟೆ.

ಅವರಿಗೆ ಹೇಗೆ ಸರಿಯೋ ಹಾಗೆ ಮಾಡಿದರು. "ಜಾನಪದ ಒಡಪುಗಳು" ಅಂತ ತಲೆಬರಹ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಸಂಗ್ರಹ ಅಂತ ಬರೆದು ನನ್ನ ಹೆಸರು. ಚಿಕ್ಕವ್ವ ಕದ್ದದ್ದು ಒಂದು. ನಾನು ಹನ್ನೆರಡು.

ಒಂದು ವಾರವಿಡೀ ಆ ಪುಸ್ತಕ ಬ್ಯಾಗಿನಲ್ಲೇ ಇತ್ತು. ಕೊಡದೆ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತಲೂ ಅನ್ನಿಸಿತು, ಮುಚ್ಚಿಡುವುದಿಲ್ಲ. ಕೊನೆಗೆ ಭಾನುವಾರ ಇಟ್ಟಿಗಿ ಬಸ್ಸು ಹತ್ತಿದೆ. ಹಾಲವ್ವ ತಮ್ಮನ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಪುಸ್ತಕ ನೋಡಿದ್ದೇ ಕೈ ಕೊಡವಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ತನಗೆ ಓದಲು ಬರುವುದಿಲ್ಲ, ಹೆಸರಿರುವ ಜಾಗವನ್ನು ಬೆರಳಿಟ್ಟು ತೋರಿಸಬೇಕು ಅಂದಳು. ನಾನು ಹಾಳೆ ತಿರುವಿದೆ. ಅವಳ ಬೆರಳು ಸೀದಾ ದಪ್ಪ ಅಕ್ಷರಕ್ಕೆ ಹೋಯಿತು.

"ಇದಾ ಏನ್ರಿ?"

ಅಲ್ಲ, ಅದು ನನ್ನ ಹೆಸರು ಅಂದೆ. ನಡೆದದ್ದನ್ನೆಲ್ಲ ಹೇಳಿದೆ. ಫೋನು, ಪೇಪರು, ಹೆಡ್‌ಮಾಸ್ತರು, ನಾನು ಕೊಟ್ಟ ಮಾತು. ತಪ್ಪಾಯಿತು ಅಂದೆ. ಶೇಂಗಾದ ಮಣ್ಣು ಹತ್ತಿದ ಅವಳ ಬೆರಳನ್ನು ನಾನೇ ಹಿಡಿದು ಹಾಳೆಯ ಕೆಳಗಿನವರೆಗೆ ತಂದೆ. ಹನ್ನೆರಡನೇ ಒಡಪಿನ ಕೊನೆಯ ಸಾಲು, ಕೊನೆಯ ಪದ. ಇಲ್ಲಿದೆ ನೋಡಿ ನಿಮ್ಮ ಹೆಸರು ಅಂದೆ. ಅದನ್ನು ಯಾರೂ ತೆಗೆದಿರಲಿಲ್ಲ. ತೆಗೆದರೆ ಒಡಪೇ ನಿಲ್ಲುತ್ತಿರಲಿಲ್ಲ.

ಅವಳು ಆ ಪದದ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ನಕ್ಕಳು.

"ಒಳಗ ಇಟ್ಟಿದ್ದು ಚಲೋ ಆತು ಬಿಡ್ರಿ ಅಕ್ಕೋರ. ಹೊರಗ ಇಟ್ಟಿದ್ರ ಅದನ್ನೂ ಒಯ್ತಿದ್ರಿ."

ಬರುವಾಗ ಒಂದು ಸೇರು ಶೇಂಗಾ ಕಟ್ಟಿ ಕೊಟ್ಟಳು. ಬೇಡ ಅನ್ನುವ ಮುಖ ನನಗಿರಲಿಲ್ಲ.

ಈ ಅಂಕಣದ ನೆತ್ತಿಯ ಮೇಲೂ ನನ್ನದೇ ಹೆಸರಿದೆ, ಫೋಟೋ ಸಮೇತ. ಆದರೆ ಒಳಗಿರುವ ಒಡಪುಗಳೆಲ್ಲ ಇಟ್ಟಿಗಿಯ ಹಾಲವ್ವ ಕಟ್ಟಿದ್ದು ಅಂತ ಈಗಲಾದರೂ ಇಲ್ಲಿ ದಾಖಲಾಗಲಿ.

ಅದಿರಲಿ, ಹೊಸ್ತಿಲಲ್ಲಿ ನಿಂತು ನೀವು ಹೇಳಿದ ಆ ಎರಡು ಸಾಲು ಯಾರದು?