ಆಡದೇ ಮೆಚ್ಚಿದ ಆಟ

ಪುರವರದ ಕಡೆಯ ಶಾಲೆಯೊಂದರಲ್ಲಿ ನನ್ನ ಜೊತೆಗಿದ್ದ ಗಣಿತದ ಟೀಚರ್, ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಒತ್ತುತ್ತಿದ್ದರು. ಕುರಿಗಳನ್ನು ಗುಡ್ಡದಿಂದ ಇಳಿಸಿ ರೊಪ್ಪಕ್ಕೆ ಸೇರಿಸುವ ವಿಡಿಯೋ ಗೇಮೊಂದನ್ನು ತಾವೇ ಕಲಿತು ಬರೆಯುತ್ತಿದ್ದರು. ಅವರದು ಬಟನ್ ಫೋನಾದ್ದರಿಂದ, ಹೊಸದೇನಾದರೂ ಸೇರಿಸಿದಾಗಲೆಲ್ಲ ನನ್ನ ಫೋನಿಗೆ ಹಾಕಿ, “ತಪ್ಪು ಹೇಳಿ ಮೇಡಂ, ಹೊಗಳ್ಬೇಡಿ” ಎನ್ನುತ್ತಿದ್ದರು.

ಒಂದು ಸಲ ನಾನು ಅದನ್ನು ತೆರೆಯಲೇ ಇಲ್ಲ. ಕೇಳಿದಾಗ, “ಪೂರ್ತಿ ಆಡ್ದೆ, ಚೆನ್ನಾಗೈತೆ” ಎಂದುಬಿಟ್ಟೆ. ಅವರು ನಂಬಿದರು. ಮಾರನೆಯ ದಿನವೇ ಹೆಡ್‌ಮಾಸ್ಟರ ಫೋನಿನಲ್ಲಿ ಮಕ್ಕಳಿಗೆ ಆಡಲು ಕೊಟ್ಟರು. ರೊಪ್ಪದ ಬಾಗಿಲಲ್ಲೇ ಕುರಿಗಳು ನಿಂತುಬಿಟ್ಟವು.

“ಮಿಸ್, ಒಳಕ್ಕೇ ಹೋಗ್ತಿಲ್ಲ” ಎಂದಳು ಒಬ್ಬ ಹುಡುಗಿ. ಉಳಿದವರು ನಕ್ಕರು.

ಟೀಚರ್ ಸ್ಟಾಫ್ ರೂಮಿಗೆ ಬಂದು ಮೆಲ್ಲಗೆ ಕೇಳಿದರು: “ಕುರಿ ಬಾಗ್ಲೇ ದಾಟಲ್ವಲ್ಲ, ನೀವು ಪೂರ್ತಿ ಹೆಂಗಾಡಿದ್ರಿ ಮೇಡಂ?”

“ಇರ್ಲಿ ಬುಡಿ” ಎಂದು ಅವರೇ ಮಾತು ಮುಗಿಸಿದರು.

ಸೋಮವಾರ ಆಟವನ್ನು ಸರಿಮಾಡಿಕೊಂಡು ಬಂದವರು, ನನ್ನ ಮೇಜು ದಾಟಿ ಹೋಗಿ, ಬಿಸಿಯೂಟದ ಅಡುಗೆಯಮ್ಮನ ಫೋನಿಗೆ ಹಾಕಿದರು. ನನಗೂ ಕೊಡಿ ಎಂದು ಕೇಳುವ ಧೈರ್ಯ, ಅವರು ಪಾವಗಡಕ್ಕೆ ವರ್ಗವಾಗಿ ಹೋಗುವವರೆಗೂ ನನಗೆ ಬರಲಿಲ್ಲ.